ಸೀಟ್‌ಬೆಲ್ಟ್ ಕಟ್ಟಿಕೊಂಡ ಇಡ್ಲಿ ಹಿಟ್ಟು

ನಮ್ಮ ಎದುರು ಮನೆಯ ಇಂದುಶೇಖರ ಅವರು ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಲೋಧಿ ಕಾಲೋನಿಯ ಒಂದೇ ಮೆಟ್ಟಿಲಿಗೆ ಅವರ ಬಾಗಿಲು ಆ ಕಡೆ, ನಮ್ಮದು ಈ ಕಡೆ. ಫೈಲುಗಳ ನಡುವೆಯೇ ಕೂದಲು ನರೆಸಿಕೊಂಡವರಾದ್ದರಿಂದ ಅವರಿಗೆ ಯಾವ ಮಾತನ್ನೂ ನೇರವಾಗಿ ಹೇಳಿ ಅಭ್ಯಾಸವಿರಲಿಲ್ಲ. ಹಸಿವಾದರೆ "ಊಟದ ವಿಷಯ ಪರಿಶೀಲಿಸಬಹುದೇನೋ" ಎನ್ನುತ್ತಿದ್ದರು. ಜ್ವರ ಬಂದರೆ ಅದು ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತಿದ್ದರು.

ಇಂಥವರ ಹೆಂಡತಿ ಲೀಲಾವತಿಗೆ ದಿಲ್ಲಿಯ ಚಳಿ ಆಗದು. ಮಂಡಿ ಹಿಡಿದುಕೊಳ್ಳುತ್ತದೆ ಎಂದು ಪ್ರತಿವರ್ಷ ದೀಪಾವಳಿ ಮುಗಿಯುತ್ತಲೇ ದಾವಣಗೆರೆಯ ತಮ್ಮನ ಮನೆಗೆ ಹೋದರೆ, ಬರುವುದು ಹೋಳಿ ಕಳೆದ ಮೇಲೆ. ಅಲ್ಲಿಯವರೆಗೆ ಇಂದುಶೇಖರ ಅವರ ಮನೆಯಲ್ಲಿ ಬ್ರೆಡ್ಡು, ಬೆಣ್ಣೆ ಮತ್ತು ಮೌನ. ಸಂಜೆ ಆಫೀಸಿನಿಂದ ಬಂದು ಬೀಗ ತೆಗೆಯುವ ಮೊದಲು ಅವರು ಒಂದು ಸಲ ಬಾಗಿಲು ತಟ್ಟುತ್ತಿದ್ದರು. ಯಾಕೆ ಎಂದು ಕೇಳಿದರೆ "ರೂಢಿ" ಎನ್ನುತ್ತಿದ್ದರು. 

ಆ ವರ್ಷದ ಜನವರಿ ವಿಪರೀತವಾಗಿತ್ತು. ಒಂದು ಭಾನುವಾರ ಅವರು ದಾವಣಗೆರೆಗೆ ಫೋನ್ ಮಾಡಿದಾಗ ನಾನೂ ಅಲ್ಲೇ ಇದ್ದೆ. ಎರಡು ಸ್ವೆಟರು, ಮಂಕಿ ಕ್ಯಾಪು, ಅದರ ಮೇಲೆ ಹೋದ ವರ್ಷದಿಂದ ನಾನು ಹುಡುಕುತ್ತಿದ್ದ ನನ್ನದೇ ಮಫ್ಲರು. ಇಷ್ಟನ್ನು ಸುತ್ತಿಕೊಂಡು ಅವರು "ಇಲ್ಲಿ ಚಳಿ ಅಷ್ಟೇನಿಲ್ಲ ಲೀಲಾ" ಎಂದರು.

"ಸುಮ್ನಿರಿ. ಆ ಊರಲ್ಲಿ ಇಡ್ಲಿ ಹಿಟ್ಟೇ ಹುಳಿ ಬರಲ್ಲ. ಹಿಟ್ಟು ಉಬ್ಬದೇ ಇರೋ ಊರಲ್ಲಿ ಮನುಷ್ಯರು ಹೇಗಿರ್ತಾರೆ?"

"ಈಗ ಚೆನ್ನಾಗಿ ಉಬ್ಬುತ್ತೆ. ನಾನೇ ಒಂದು ವ್ಯವಸ್ಥೆ ಮಾಡಿದ್ದೀನಿ."

ನಾನು ಬೆಚ್ಚಿಬಿದ್ದೆ. ಆ ಮನೆಯಲ್ಲಿ ಹಿಟ್ಟೂ ಇರಲಿಲ್ಲ, ವ್ಯವಸ್ಥೆಯೂ ಇರಲಿಲ್ಲ. ಬಾಯಿಗೆ ಬಂದದ್ದು ಆಡಿಬಿಟ್ಟಿದ್ದರು. ಆದರೆ ಲೀಲಾವತಿ ದಾವಣಗೆರೆಯ ಹೆಣ್ಣು, ಅಷ್ಟಕ್ಕೇ ಬಿಡುವವಳಲ್ಲ.

"ಹೌದಾ? ಹಾಗಾದ್ರೆ ಶಾರದಕ್ಕನಿಗೆ ನಾಲ್ಕು ಇಡ್ಲಿ ಮಾಡಿ ಕೊಡಿ. ಅವರು ಮೆತ್ತಗಿದೆ ಅಂತ ನಂಗೆ ಫೋನ್ ಮಾಡ್ಲಿ. ಈ ತಿಂಗಳೇ ಬಂದುಬಿಡ್ತೀನಿ."

ಶಾರದಕ್ಕ ಎಂದರೆ ನನ್ನ ಹೆಂಡತಿ ಶಾರದಮ್ಮ. ಗಂಡನ ವಿಷಯದಲ್ಲಿ ಬೇಕಾದರೆ ಒಂದು ಸುಳ್ಳು ಹೇಳಿಯಾಳು, ತಿಂಡಿಯ ವಿಷಯದಲ್ಲಿ ಹೇಳಲಾರಳು. ಮದುವೆ ಮನೆಯಲ್ಲಿ ಅಡಿಗೆಯವನನ್ನು ಪಂಕ್ತಿಗೆ ಕರೆಸಿ, ಅವನ ಪುಳಿಯೋಗರೆಯನ್ನು ಅವನ ಬಾಯಿಗೇ ತುರುಕಿದ ಖ್ಯಾತಿ ಅವಳದು. ಇಂದುಶೇಖರ ಕೈ ಹೊಸೆಯುತ್ತ ನಮ್ಮ ಮನೆಗೆ ಬಂದರು.

"ಶಾರದಮ್ಮನವರೇ, ಅಭಿಪ್ರಾಯ ಕೊಡುವಾಗ ಸ್ವಲ್ಪ ಸಡಿಲಿಕೆ ತೋರಿಸೋ ಸಾಧ್ಯತೆ..."

"ಮೊದ್ಲು ಇಡ್ಲಿ ತನ್ನಿ. ಆಮೇಲೆ ಮಾತು."

ಅಂದಿನಿಂದ ಅವರ ಮನೆಯಲ್ಲಿ ಹಿಟ್ಟಿನ ಸೇವೆ ಶುರುವಾಯಿತು. ರುಬ್ಬುವುದಕ್ಕೆ ನಮ್ಮದೇ ಗ್ರೈಂಡರು. ರಜಾಯಿಯನ್ನು ಪಾತ್ರೆಗೆ ಹೊದಿಸಿ ತಾವು ಬೆಡ್‌ಶೀಟಿನಲ್ಲಿ ನಡುಗುತ್ತ ಮಲಗಿದರು. ಇವರಿಗೆ ನೆಗಡಿಯಾಯಿತು, ಹಿಟ್ಟು ಅಲ್ಲಾಡಲಿಲ್ಲ. ಪಾತ್ರೆಯ ಪಕ್ಕಕ್ಕೆ ಹೀಟರ್ ಹಚ್ಚಿದರು. ಸರ್ಕಾರಿ ಕ್ವಾರ್ಟರ್ಸಿನ ವೈರಿಂಗು, ಫ್ಯೂಸ್ ಹಾರಿ ಇಡೀ ಮೆಟ್ಟಿಲೇ ಕತ್ತಲಾಯಿತು. ಮೇಲಿನ ಮನೆಯ ಚೋಪ್ರಾ ಮೇಣದಬತ್ತಿ ಹಿಡಿದು ಕೆಳಗಿಳಿದು, ತನಗೆ ಗೊತ್ತಿದ್ದ ಪಂಜಾಬಿಯನ್ನೆಲ್ಲ ಬಳಸಿದ. ಕೊನೆಗೆ ಆದ ಇಡ್ಲಿಯನ್ನು ಶಾರದಮ್ಮ ಚಮಚದಿಂದ ತಟ್ಟಿ ನೋಡಿದಳು. ಟಣ್ ಎಂದಿತು.

ಅಷ್ಟರಲ್ಲಿ ಇಂದುಶೇಖರ ಅವರಿಗೆ ಆಫೀಸಿನ ಅಂಗಳದಲ್ಲಿ ಜ್ಞಾನೋದಯವಾಯಿತು. ಮಂಜು ಮುಸುಕಿದ ಬೆಳಿಗ್ಗೆ, ಜಾಯಿಂಟ್ ಸೆಕ್ರೆಟರಿಯವರ ಡ್ರೈವರ್ ಕಾರಿನೊಳಗೆ ಹೀಟರ್ ಹಾಕಿಕೊಂಡು ಬರೀ ಅಂಗಿಯಲ್ಲಿ ಬೆವರುತ್ತ ಪೇಪರ್ ಓದುತ್ತಿದ್ದನಂತೆ.

"ಕೇಶವಮೂರ್ತಿಗಳೇ, ಕಾರಿನೊಳಗೆ ದಾವಣಗೆರೆ ಇದೆ!" ಎಂದು ಅವರು ಮೆಟ್ಟಿಲಿನಿಂದಲೇ ನನ್ನನ್ನು ಕೂಗಿ ಹೇಳಿದರು.

ಇವರಲ್ಲೂ ಒಂದು ಹಳೆಯ ನೀಲಿ ಕಾರಿತ್ತು. ಅದರಲ್ಲೂ ಹೀಟರ್ ಇತ್ತು. ಆದರೆ ಹಾಕಿದರೆ ಹಿಮಾಲಯದ ಗಾಳಿ ಬೀಸುತ್ತಿತ್ತು. ಆಫೀಸಿನ ಕ್ಯಾಂಟೀನಿನ ಬಲ್ಲವರು, ಇದು ಥರ್ಮೋಸ್ಟಾಟಿನ ದೋಷ ಎಂದು ತೀರ್ಮಾನ ಕೊಟ್ಟರು. ಥರ್ಮೋಸ್ಟಾಟ್ ಎಂದರೆ, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಒಂದು ಪುಟ್ಟ ಬಾಗಿಲು. ಮೆಕ್ಯಾನಿಕ್ಕನ್ನು ಕರೆಸಿ ಎಂದೆ. ಒಪ್ಪಲಿಲ್ಲ.

"ನಾನೇ ವ್ಯವಸ್ಥೆ ಮಾಡಿದ್ದೀನಿ ಅಂತ ಲೀಲಾಗೆ ಹೇಳಿದ್ದೀನಲ್ಲ. ನಾನೇ ಮಾಡಿದರೆ ಅದು ಸುಳ್ಳಲ್ಲ. ಹೇಳಿದ್ದು ಮೊದಲು, ಆದದ್ದು ಆಮೇಲೆ. ಇದಕ್ಕೆ ನಮ್ಮಲ್ಲಿ ಘಟನೋತ್ತರ ಮಂಜೂರಾತಿ ಅಂತಾರೆ."

ಶನಿವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಬಾನೆಟ್ ಎದ್ದಿತು. ನೀರು ಇಳಿಸಿದರು, ರಬ್ಬರ್ ಪೈಪು ಕಿತ್ತರು, ಎರಡು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತುಬಿಟ್ಟರು.

"ಒಳಗೆ ಏನೂ ಇಲ್ಲ! ಕಳ್ಳತನವಾಗಿದೆ!"

ಕಳ್ಳತನ ಎಂಬ ಮಾತಿಗೆ ಭಾಷೆ ಬೇಕಿಲ್ಲ. ಎಲ್ಲ ಕಿಟಕಿಗಳೂ ತೆರೆದವು. ಚೋಪ್ರಾ ಓಡಿ ಬಂದು "ಸ್ಟೀರಿಯೋ ಗಯಾ?" ಎಂದು ಕೇಳಿದ. ಚೌಕಿದಾರ ಇನ್ನೂ ಯಾರೂ ಏನೂ ಕೇಳುವ ಮೊದಲೇ "ಮೇರೀ ಡ್ಯೂಟೀ ಮೇ ನಹೀಂ ಹುವಾ" ಎಂದು, ತನ್ನ ಪಾಳಿಯಲ್ಲಿ ಆದದ್ದಲ್ಲವೆಂದು, ಆಣೆ ಇಟ್ಟ. ಹೆಂಗಸರು ತಮ್ಮ ತಮ್ಮ ಸ್ಕೂಟರುಗಳನ್ನು ಎಣಿಸಿಕೊಂಡರು. ಏನು ಕಳುವಾಗಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಕಳೆದುಕೊಂಡವರಿಗೂ ಸಹ.

ಕಾಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಯವನು ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಳ್ಳತನವಲ್ಲವಂತೆ. ಮೇ ತಿಂಗಳ ಬಿಸಿಲಿಗೆ ಎಂಜಿನ್ ಕುದಿಯದಿರಲಿ ಎಂದು ಇಲ್ಲಿನ ಮೆಕ್ಯಾನಿಕ್ಕುಗಳು ಆ ಬಾಗಿಲನ್ನೇ ಕಿತ್ತು ಎಸೆಯುತ್ತಾರಂತೆ. ಕೀಳಿಸಲು ಊರೆಲ್ಲ ಬರುತ್ತದೆ, ಹಾಕಿಸಲು ಬಂದವರು ನೀವೇ ಮೊದಲು ಎಂದ.

ಬರುವಾಗ ಬಸ್ಸಿನಲ್ಲಿ ಇಂದುಶೇಖರ ಆ ಪುಟ್ಟ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. "ಒಂದು ಬೇಸಿಗೆಗೆ ಹೆದರಿ ತೆಗೆದುಬಿಟ್ಟರು ನೋಡಿ. ಆಮೇಲೆ ಇಷ್ಟು ಚಳಿಗಾಲ ಕಳೆದವು, ಒಳಗೆ ಖಾಲಿ ಅಂತ ಯಾರಿಗೂ ಗೊತ್ತೇ ಆಗಲಿಲ್ಲ" ಎಂದರು. ಕಾರಿನ ವಿಷಯವೇ ಇರಬೇಕು ಎಂದು ನಾನು ಹೂಂಗುಟ್ಟಿದೆ.

ಮಧ್ಯಾಹ್ನ ಜೋಡಿಸಿದರು. ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತಿಗೆಲ್ಲ ಬಾನೆಟ್ಟಿನ ಸಂದಿಯಿಂದ ಬುಸುಬುಸು ಹಬೆ ಎದ್ದು ಬೇವಿನ ಮರ ಕಾಣದಾಯಿತು. ಚೋಪ್ರಾ ಮಹಡಿಯಿಂದ ಬಕೆಟ್ ನೀರು ಸುರಿದ. ಅದು ಕಾರಿಗೆ ಬೀಳದೆ ನನ್ನ ಮೇಲೆ ಬಿತ್ತು. ಇಂದುಶೇಖರ ಮಾತ್ರ ಹಬೆಯ ನಡುವೆ ನಿಂತು "ಬಿಸಿ! ಎಷ್ಟು ಬಿಸಿ ನೋಡಿ!" ಎಂದು ಆನಂದಪಡುತ್ತಿದ್ದರು. ಕಾರು ಕುದಿಯುತ್ತಿದೆ ಎಂದು ತಿಳಿಸಿ ಹೇಳಬೇಕಾಯಿತು.

ಎಲ್ಲವೂ ತಣಿದ ಮೇಲೆ ಅದನ್ನು ಬಿಚ್ಚಿ ತಂದು, ಲೀಲಾವತಿಯ ಸಾರಿನ ಪಾತ್ರೆಯಲ್ಲಿ ನೀರು ಹಾಕಿ ಒಲೆಯ ಮೇಲಿಟ್ಟರು. ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಪರೀಕ್ಷೆ. ನನ್ನ ತಲೆ ಒರೆಸಲು ಟವೆಲ್ ತಂದ ಶಾರದಮ್ಮ ಪಾತ್ರೆಗೆ ಇಣುಕಿದಳು.

"ಏನ್ ಬೇಯಿಸ್ತಿದ್ದೀರಿ?"

"ಥರ್ಮೋಸ್ಟಾಟ್."

"ಎಷ್ಟು ಹೊತ್ತು ಬೇಯ್ಬೇಕು?"

ನೀರು ಕುದಿಯುತ್ತಿದ್ದಂತೆ ಅದು ಮೆಲ್ಲಗೆ ಬಾಯಿ ತೆರೆಯಿತು. ಮೂವರೂ ತೊಟ್ಟಿಲೊಳಗಿನ ಮಗುವನ್ನು ನೋಡುವವರ ಹಾಗೆ ಬಗ್ಗಿ ನೋಡಿದೆವು. ಶಾರದಮ್ಮ ಚಮಚದಿಂದ ಅದರ ಕೆಳಗಿನ ಸ್ಪ್ರಿಂಗನ್ನೂ ಗುಬುಟನ್ನೂ ಮುಟ್ಟಿದಳು. "ಬಿಸಿ ತಾಗ್ಬೇಕಾಗಿರೋದು ಈ ಗುಬುಟಿಗೆ ತಾನೆ? ಇದನ್ನ ಎಂಜಿನ್ ಕಡೆಗೆ ಇಟ್ರಾ, ಆಚೆ ಕಡೆಗೆ ಇಟ್ರಾ?"

ಇಂದುಶೇಖರ ಚಮಚ ಇಸಕೊಂಡು ಅದನ್ನು ಮಗುಚಿ ನೋಡಿದರು. ಆಚೆ ಕಡೆಗೆ ಇಟ್ಟಿದ್ದರು. ನ್ಯಾಯಾಧೀಶರೇ ಕಕ್ಷಿದಾರನಿಗೆ ಸಲಹೆ ಕೊಟ್ಟದ್ದು ಕಾನೂನಿಗೆ ವಿರುದ್ಧ. ಆದರೆ ಸಂಜೆಯ ಹೊತ್ತಿಗೆ ಕಾರು ಕುದಿಯದೆ ಓಡಿತು, ಹೀಟರಿನಿಂದ ಬೆಚ್ಚನೆಯ ಗಾಳಿ ಬಂತು. ಇಂದುಶೇಖರ ಮಂಕಿ ಕ್ಯಾಪು ತೆಗೆದರು. ಅವರ ಕಿವಿಗಳನ್ನು ನಾನು ದೀಪಾವಳಿಯಿಂದೀಚೆಗೆ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಿಟ್ಟಿನ ಪಾತ್ರೆಗೆ ಲೀಲಾವತಿಯ ಕಂದು ಶಾಲು ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್‌ಬೆಲ್ಟ್ ಕಟ್ಟಿದರು. ನನಗೆ ಹಿಂದಿನ ಸೀಟು. ಗಲ್ಲಿಯಲ್ಲೇ ಎಂಜಿನ್ ಹಾಕಿಟ್ಟರೆ ಹೊಗೆ ಎಂದು ಚೋಪ್ರಾ ಗಲಾಟೆ ಮಾಡುತ್ತಾನೆ. ಆದ್ದರಿಂದ ಸಿಗ್ನಲ್ ಇಲ್ಲದ, ಗುಂಡಿ ಇಲ್ಲದ, ಹಿಟ್ಟು ಕುಲುಕದ ರಸ್ತೆ ಬೇಕಿತ್ತು. ಅಂಥ ರಸ್ತೆಗಳಿರುವುದು ಚಾಣಕ್ಯಪುರಿಯಲ್ಲಿ, ರಾಯಭಾರ ಕಚೇರಿಗಳ ನಡುವೆ.

ಅಲ್ಲಿ ಸುತ್ತತೊಡಗಿದೆವು. ಮದುಮಗಳನ್ನು ಕೂರಿಸಿಕೊಂಡವರಂತೆ ನಿಧಾನವಾಗಿ ಓಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾರಿನೊಳಗೆ ತೆಳ್ಳನೆಯ ಹುಳಿ ವಾಸನೆ ಎದ್ದಿತು. ಇಂದುಶೇಖರ ಮೂಗರಳಿಸಿ ಉಸಿರೆಳೆದುಕೊಂಡರು.

"ಈ ವಾಸನೆ ಬಂದ ದಿನ ಬೆಳಿಗ್ಗೆ ಲೀಲಾ ಅಡಿಗೆಮನೇಲಿ ಏನೋ ಗುನುಗ್ತಾ ಇರ್ತಾಳೆ. ಯಾವ ಹಾಡು ಅಂತ ನಾನು ಒಂದು ದಿನವೂ ಕೇಳಲಿಲ್ಲ." 

ಗಣರಾಜ್ಯೋತ್ಸವ ಹತ್ತಿರ ಬಂದಿತ್ತು. ಊರಿನ ತುಂಬ ಬಂದೋಬಸ್ತು. ಒಂದೇ ನೀಲಿ ಕಾರು, ಶಾಲು ಹೊದ್ದ ಪಾತ್ರೆಯೊಂದನ್ನು ಬೆಲ್ಟ್ ಕಟ್ಟಿ ಕೂರಿಸಿಕೊಂಡು ಬೆಳಗಿನಿಂದ ಪರದೇಶಗಳ ಬಾಗಿಲ ಮುಂದೆ ಸುತ್ತುತ್ತಿದೆ ಎಂಬುದು ನಮ್ಮಿಬ್ಬರನ್ನು ಬಿಟ್ಟು ಎಲ್ಲರಿಗೂ ವಿಚಿತ್ರವಾಗಿ ಕಂಡಿತ್ತು. ತಿರುವಿನಲ್ಲಿ ಬ್ಯಾರಿಕೇಡ್ ಅಡ್ಡ ಬಂತು. ಹರಿಯಾಣದ ಕಡೆಯ ಎತ್ತರದ ಆಳು, ರಾಠೀ ಎಂಬ ಸಬ್ ಇನ್‌ಸ್ಪೆಕ್ಟರ್, ಕಿಟಕಿಗೆ ಬಗ್ಗಿದರು.

"ಯೋ ಕೇ ಸೈ?" ಇದೇನು ಎಂದರ್ಥ.

ಮುಂದಿನದನ್ನು ಓದುಗರ ಅನುಕೂಲಕ್ಕೆ ಕನ್ನಡದಲ್ಲೇ ಕೊಡುತ್ತೇನೆ. ಇಂದುಶೇಖರ ಹಿಂದಿ ಕಲಿತದ್ದು ಸರ್ಕಾರಿ ಸುತ್ತೋಲೆಗಳಿಂದ ಎಂಬುದನ್ನು ಮಾತ್ರ ನೆನಪಿಡಬೇಕು.

"ಎಂಜಿನ್ ಬಂದ್ ಮಾಡಿ."

"ಮಹೋದಯರೇ, ವಿಷಾದವಿದೆ. ಬಂದ್ ಮಾಡಿದರೆ ಇದರ ಶಾಖ ಹೋಗುತ್ತದೆ."

"ಯಾವುದರ ಶಾಖ? ಒಳಗೇನಿದೆ?"

"ಪ್ರಕ್ರಿಯೆ ಜಾರಿಯಲ್ಲಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮೇಲೆದ್ದು ಬರುತ್ತದೆ. ದಯವಿಟ್ಟು ಅಲ್ಲಾಡಿಸಬೇಡಿ."

ಇಬ್ಬರು ಕಾನ್‌ಸ್ಟೆಬಲ್‌ಗಳು ಹಿಂದೆ ಸರಿದರು. ರಾಠೀ ಸರಿಯಲಿಲ್ಲ.

"ಇದು ಯಾರಿಗೆ?"

"ಶಾರದಮ್ಮನವರಿಗೆ. ಅವರು ತೃಪ್ತರಾದರೆ ಮಾತ್ರ ದಾವಣಗೆರೆಗೆ ಸೂಚನೆ ಹೋಗುತ್ತದೆ."

"ಯಾರು ಈ ಶಾರದಮ್ಮ?"

ಇಂದುಶೇಖರ ತಿರುಗಿ ನನ್ನತ್ತ ಕೈ ತೋರಿಸಿದರು. "ಇವರ ಧರ್ಮಪತ್ನಿ." ಅಲ್ಲಿದ್ದ ಎಲ್ಲ ಬಂದೂಕುಗಳೂ ನನ್ನ ಪರಿಚಯ ಮಾಡಿಕೊಂಡವು. ಬಹಳ ವರ್ಷ ಒಳ್ಳೆಯ ನೆರೆಯವನಾಗಿ ಬಾಳಿದ್ದಕ್ಕೆ ಇದು ಫಲ ಎಂದುಕೊಂಡೆ.

ನಮ್ಮನ್ನು ಇಳಿಸಿ ದೂರ ನಿಲ್ಲಿಸಿದರು. ಪೊಲೀಸ್ ನಾಯಿ ಬಂತು. ಹೆಸರು ರಾಣಿ. ಪಾತ್ರೆಯನ್ನು ಒಮ್ಮೆ ಮೂಸಿ, ಸೀಟಿನ ಮುಂದೆ ಗಂಭೀರವಾಗಿ ಕೂತುಬಿಟ್ಟಿತು. ನಾಯಿ ಕೂತಿತೆಂದರೆ ಸಂಶಯ ಖಚಿತ ಎಂದು ಲೆಕ್ಕ. "ಕೂತಳು ಸಾಬ್!" ಎಂದು ಅದನ್ನು ಹಿಡಿದಿದ್ದವನು ಚೀರಿದ. ಅದೇ ಕ್ಷಣಕ್ಕೆ, ಬೆಳಗಿನಿಂದ ಬೆಚ್ಚಗೆ ಕೂತಿದ್ದ ಹಿಟ್ಟು ಮುಚ್ಚಳವನ್ನು ಎತ್ತಿ 'ಪುಸ್' ಎಂದಿತು.

ಎಲ್ಲರೂ ನೆಲಕ್ಕೆ ಬಿದ್ದೆವು. ಹಿಟ್ಟು ಎಂದು ತಿಳಿದಿದ್ದೂ ನಾನೇ ಮೊದಲು ಬಿದ್ದೆ. ನಿಂತೇ ಇದ್ದವರು ಇಂದುಶೇಖರ ಒಬ್ಬರೇ. "ಉಬ್ಬಿತು! ಕೇಶವಮೂರ್ತಿಗಳೇ, ಉಬ್ಬಿತು!" ಎಂದು ಕೂಗಿದರು. ಬೆಳ್ಳನೆಯ ನೊರೆ ಪಾತ್ರೆಯ ಅಂಚು ದಾಟಿ ಶಾಲಿನ ಮೇಲೆ ಇಳಿಯುತ್ತಿತ್ತು. ರಾಣಿ ಎದ್ದು ಅದನ್ನು ನೆಕ್ಕತೊಡಗಿದಳು.

ರಾಠೀ ಎದ್ದು ಮಂಡಿ ಕೊಡವಿಕೊಂಡರು. ಕಥೆಯನ್ನು ಮೊದಲಿನಿಂದ ನಾನು ಹೇಳಿದೆ, ಸುತ್ತೋಲೆಯ ಹಿಂದಿಯಲ್ಲಲ್ಲ. ಅವರು ಬಹಳ ಹೊತ್ತು ಇಂದುಶೇಖರ ಅವರ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ, ಕರ್ತವ್ಯ ಕರ್ತವ್ಯವೇ. ಇದರಿಂದ ಇಡ್ಲಿ ಮಾಡಿ ತೋರಿಸಿ, ಆಗದಿದ್ದರೆ ಇಬ್ಬರೂ ಠಾಣೆಗೆ ಎಂದರು.

ಹೀಗೆ ಪೊಲೀಸ್ ಜೀಪಿನ ಬೆಂಗಾವಲಿನಲ್ಲಿ ಇಡ್ಲಿ ಹಿಟ್ಟು ಲೋಧಿ ಕಾಲೋನಿಗೆ ಬಂತು. ಚೌಕಿದಾರ ಮತ್ತೆ ಆಣೆ ಇಟ್ಟ. ಚೋಪ್ರಾ "ಚೋರ್ ಮಿಲ್ ಗಯಾ?" ಕಳ್ಳ ಸಿಕ್ಕನೇ ಎಂದು ಕೇಳುತ್ತ ನಮ್ಮ ಹಿಂದೆಯೇ ಒಳಗೆ ಬಂದ. ಕುಕ್ಕರಿನಲ್ಲಿ ಇಡ್ಲಿ ಬೇಯುವವರೆಗೆ ಎಲ್ಲರೂ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ರಾಠೀ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

ನಾಲ್ಕು ಇಡ್ಲಿ ಶಾರದಮ್ಮನ ತಟ್ಟೆಗೆ ಬಿದ್ದವು, ಉಳಿದವು ಪೊಲೀಸರಿಗೂ ನಮಗೂ. ಅವಳು ಒಂದನ್ನು ಬೆರಳಿನಿಂದ ಒತ್ತಿದಳು. ಅದು ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಮುರಿದಳು, ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ಅಗಿದಳು. ಇಂದುಶೇಖರ ಗೋಡೆಗೆ ಒರಗಿದರು. ನಾಲ್ಕೂ ಖಾಲಿಯಾದ ಮೇಲೆ ಅವಳು ಕೈ ತೊಳೆದುಕೊಂಡು ನೇರ ಫೋನಿನ ಬಳಿ ಹೋದಳು.

"ಲೀಲಾ, ನಾನು ಕಣೇ. ಇಡ್ಲಿ ತಿಂದೆ. ಮಲ್ಲಿಗೆ ಅಂದ್ರೆ ಮಲ್ಲಿಗೆ! ನನ್ನ ಕೈಲೂ ಹೀಗೆ ಆಗಿಲ್ಲ. ನಿನ್ನ ಯಜಮಾನ್ರು ಏನು ಅಂದ್ಕೊಂಡಿದ್ದೀಯ? ಕಾರು ತಾವೇ ರಿಪೇರಿ ಮಾಡ್ತಾರೆ, ಹಿಟ್ಟು ತಾವೇ ರುಬ್ತಾರೆ, ಪೊಲೀಸರಿಗೂ ಬಡಿಸ್ತಾರೆ. ನೀನು ಇವರ ಚಿಂತೆ ಒಂಚೂರೂ ಮಾಡ್ಬೇಡ."

ಅಂಥ ಹೊಗಳಿಕೆಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಇಂದುಶೇಖರ ಅವರ ಮುಖ ಅರಳಿತು. ಚೋಪ್ರಾ ಅವರ ಬೆನ್ನು ತಟ್ಟಿದ. ಅಷ್ಟರಲ್ಲಿ ಶಾರದಮ್ಮ ಆ ಕಡೆಯ ಮಾತು ಕೇಳುತ್ತ ಕೇಳುತ್ತ ಸುಮ್ಮನಾದಳು. ಆಮೇಲೆ ರಿಸೀವರಿಗೆ ಕೈ ಅಡ್ಡ ಹಿಡಿದು ನಮ್ಮತ್ತ ತಿರುಗಿದಳು.

"ಅವಳಿಗೆ ತುಂಬಾ ಸಂತೋಷವಂತೆ. ಅವರು ಒಬ್ರೇ ಎಲ್ಲ ಚೆನ್ನಾಗಿ ಮಾಡ್ಕೊಂಡಿದ್ದಾರಲ್ಲ, ಇನ್ನು ನಾನ್ಯಾಕೆ ಈ ಚಳೀಲಿ ಓಡಿ ಬರ್ಲಿ, ಹೋಳಿ ಆದ್ಮೇಲೇ ಬರ್ತೀನಿ ಅಂತ ಹೇಳ್ಬಿಡಿ ಅಂತಾಳೆ."

 ರಾಠೀ "ಕ್ಯಾ ಹುವಾ?" ಎಂದು ಕೇಳಿದರು. ನಾನು ಹೇಳಿದೆ. ಅವರ ಕೈಯಲ್ಲಿದ್ದ ಇಡ್ಲಿ ಮತ್ತೆ ತಟ್ಟೆಗೆ ಹೋಯಿತು. ಶಾರದಮ್ಮ ರಿಸೀವರನ್ನು ಇಂದುಶೇಖರ ಅವರ ಕೈಗೆ ತುರುಕಿದಳು.

"ಲೀಲಾ," ಎಂದರು ಇಂದುಶೇಖರ. "ಇಲ್ಲ, ಅದು... ನಿನ್ನ ಅನುಕೂಲ ನೋಡ್ಕೊಂಡು... ವಿಷಯವನ್ನು ಪುನಃ ಪರಿಶೀಲಿಸೋ ಸಾಧ್ಯತೆ ಏನಾದರೂ..."

"ಅರೇ ಬೋಲ್ ದೇ ಭಾಈ!" ಹೇಳಿಬಿಡಪ್ಪಾ ಎಂದು ರಾಠೀ ಗುಡುಗಿದರು. ಕನ್ನಡ ಬಾರದ ಆ ಮನುಷ್ಯನಿಗೂ ಅದು ಮಾತಲ್ಲ, ಫೈಲಿನ ಟಿಪ್ಪಣಿ ಎಂದು ಗೊತ್ತಾಗಿತ್ತು. ಅವರ ಸ್ವಂತ ಮನೆ ಎಷ್ಟು ದೂರವೋ, ಯಾವಾಗ ರಜೆಯೋ ಯಾರಿಗೆ ಗೊತ್ತು.

ಇಂದುಶೇಖರ ಒಮ್ಮೆ ನಮ್ಮೆಲ್ಲರನ್ನೂ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

"ಇಡ್ಲಿ ಹಾಳಾಗ್ಲಿ ಲೀಲಾ. ನೀನು ಬಾ. ನೀನಿಲ್ಲದೆ ನನಗೆ ಇರೋಕಾಗಲ್ಲ."

ನಾವೆಲ್ಲ ರಿಸೀವರಿನ ಹತ್ತಿರಕ್ಕೆ ಸರಿದೆವು. ಲೈನು ಅಂದು ಎಷ್ಟು ಚೆನ್ನಾಗಿತ್ತೆಂದರೆ ದಾವಣಗೆರೆಯ ಬೀದಿಯಲ್ಲಿ ಹೋದ ಸೈಕಲ್ ಗಂಟೆ ನಮಗೆಲ್ಲ ಕೇಳಿಸಿತು. ಆಮೇಲೆ ಲೀಲಾವತಿಯ ದನಿ ಬಂತು, ಸಣ್ಣದಾಗಿ.

"ಪ್ರತಿ ವರ್ಷ ಸ್ಟೇಷನ್ನಿಗೆ ಬಂದು 'ಹುಷಾರಾಗಿ ಹೋಗು' ಅಂತಿದ್ರಿ. ಒಂದು ಸಲನಾದ್ರೂ ಹೋಗ್ಬೇಡ ಅಂತೀರೇನೋ ಅಂತ ನಾನು ಗಾಡಿ ಬಿಡೋವರೆಗೂ ಕಿಟಕೀಲೇ ಕೂತಿರ್ತಿದ್ದೆ. ಮಂಡಿ ನೋವು ಇಲ್ಲೂ ಇದೆ, ರೀ."

ಇಂದುಶೇಖರ ಕನ್ನಡಕ ತೆಗೆದರು. ನಾವೆಲ್ಲ ಇಡ್ಲಿ ತಟ್ಟೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆವು.

"ನಾಳೆನೇ ಟಿಕೆಟ್ ಮಾಡಿಸ್ತೀನಿ," ಎಂದಳು ಲೀಲಾವತಿ. "ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ. ಸರಿಯಾಗಿ ಕೇಳಿಸ್ಲಿಲ್ಲ."

ಪೊಲೀಸರ ಮುಂದೆ, ಚೋಪ್ರಾನ ಮುಂದೆ, ನನ್ನ ಹೆಂಡತಿಯ ಮುಂದೆ, ಆ ಮನುಷ್ಯ ಇನ್ನೊಂದು ಸಲ ಹೇಳಿದರು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.